ಅಳಿಸಿದ್ದೂ ಸಿಗುತ್ತೆ

ಒಂದು ಕಾಲಿಗೆ ಕಾಲುಚೀಲ ಏರಿಸಿ, ಅದರ ಜೋಡಿಯನ್ನು ಹುಡುಕುತ್ತ ಅಲಮಾರಿಯ ಕೆಳಗಿನ ಖಾನೆಗೆ ಬಗ್ಗಿದವನಿಗೆ ಮೊದಲು ಕಂಡದ್ದು ದೂಳು. ದೂಳಿನ ನಡುವೆ ದೂಳಿಲ್ಲದ ಒಂದು ಚೌಕ. ಅಲ್ಲಿ ಏನಿತ್ತು ಎಂದು ನೆನಪಾಗಲು ಒಂದು ಗಳಿಗೆ ಹಿಡಿಯಿತು. ನೆನಪಾದ ಮೇಲೆ ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಲು ಇನ್ನೊಂದು ಗಳಿಗೆ. ಹಳೆಯ ಲ್ಯಾಪ್‌ಟಾಪು. ವರ್ಷಗಟ್ಟಲೆ ಯಾರೂ ಮುಟ್ಟದೆ ಹಳೆಯ ಸ್ವೆಟರುಗಳ ಕೆಳಗೆ ಮಲಗಿದ್ದದ್ದು ಈಗ ಎದ್ದು ಎಲ್ಲಿಗೋ ಹೋಗಿತ್ತು. ಎಲ್ಲಿ ಎಂದು ಹೆಂಡತಿಯನ್ನು ಕೇಳಿದಾಗ ತನ್ನ ದನಿ ಇಷ್ಟು ಜೋರಾಗಿ ಬಂದದ್ದೇಕೆಂದು ಅವನಿಗೇ ತಿಳಿಯಲಿಲ್ಲ.

"ಅಯ್ಯೋ, ಹೇಳೋದೇ ಮರೆತೆ ನೋಡಿ" ಎಂದಳು ಅವಳು, ಬಾಯಲ್ಲಿ ಕಚ್ಚಿದ್ದ ಹೇರ್‌ಪಿನ್ನನ್ನು ತೆಗೆಯದೆ. "ಗುಬ್ಬಿ ಚಿಕ್ಕವಳಿದ್ದಾಗಿನ ಫೋಟೋ ಬೇಕಂತೆ ಸ್ಕೂಲಿಗೆ. ಮೊನ್ನೆ ಆನ್ ಮಾಡಿದ್ರೆ ಟಕ್ ಟಕ್ ಅಂತ ಸದ್ದು, ಹಲ್ಲಿ ಲೊಚಗುಟ್ಟಿದ ಹಾಗೆ. ಆಮೇಲೆ ಸ್ಕ್ರೀನ್ ಪೂರಾ ನೀಲಿ. ನನ್ನ ಜೀವ ಬಾಯಿಗೆ ಬಂತು. ನಮ್ಮ ಲೈಬ್ರರಿಗೆ ಬರೋರೊಬ್ಬರು ಹೇಳಿದ್ರು, ಡಿಸ್ಕ್ ಕೆಟ್ಟರೆ ಇಡೀ ಊರಿಗೆ ಒಬ್ಬರೇ ಇರೋದು, ಅವರ ಹತ್ರ ಹೋಗಿ ಅಂತ. ನಿನ್ನೆ ಹುಡುಕ್ಕೊಂಡು ಹೋದ್ರೆ ಅದು ಯಾರು ಅಂತೀರಿ? ನಿಮ್ಮ ಕಾಲೇಜಲ್ಲಿದ್ದ ಲ್ಯಾಬಣ್ಣ!"

ಅವನ ಬರಿಗಾಲಿಗೆ ನೆಲ ತಣ್ಣಗಿತ್ತು.

"ನೋಡಿದ ಕೂಡಲೇ ಗುರುತು ಹಿಡಿದ್ರು. ಮೇಷ್ಟ್ರು ಚೆನ್ನಾಗಿದ್ದಾರಾ, ಗುಬ್ಬಿ ಎಷ್ಟನೇ ಕ್ಲಾಸು ಅಂತೆಲ್ಲ ಕೇಳಿದ್ರು. ನಾನು ಅಳೋದೊಂದು ಬಾಕಿ. ಗುಬ್ಬಿಯ ಏಳು ವರ್ಷ ಅದರಲ್ಲೇ ಇದೆ, ಬೇರೆ ಕಾಪಿ ಇಲ್ಲ ಅಂದೆ. ಹೆದರಬೇಡಿ ಅಮ್ಮ, ಅಳಿಸಿದ್ದೂ ಸಿಗುತ್ತೆ, ಇದು ಬರೀ ಕಾಯಿಲೆ ಬಿದ್ದಿರೋದು ಅಂದ್ರು. ಪುಣ್ಯಾತ್ಮ."

ಅಳಿಸಿದ್ದೂ ಸಿಗುತ್ತೆ. ಈ ಎರಡು ಪದದ ಮಾತನ್ನು ಅವನು ಹಿಂದೆ ಒಮ್ಮೆ ಕೇಳಿದ್ದ. ಅದೇ ಬಾಯಿಂದ, ಅದೇ ಸಮಾಧಾನದಲ್ಲಿ. ಕಿವಿಯೊಳಗೆ ಏನೋ ಮುಚ್ಚಿಕೊಂಡು, ಹೆಂಡತಿಯ ತುಟಿ ಆಡುವುದು ಮಾತ್ರ ಕಾಣುತ್ತಿತ್ತು. ಇವತ್ತು ಅವನು ಅಲ್ಲಿಗೆ ಹೋಗಬೇಕಂತೆ. ಸಿಕ್ಕಿದ ಫೈಲುಗಳಿಗೆ ಹೆಸರಿರುವುದಿಲ್ಲವಂತೆ, ತಾರೀಖೂ ಇರುವುದಿಲ್ಲವಂತೆ, ಬರೀ ನಂಬರು. ಮನೆಯವರು ಯಾರಾದರೂ ಪಕ್ಕದಲ್ಲಿ ಕೂತು ಇದು ಯಾವುದು, ಇದು ಯಾವಾಗಿನದು ಎಂದು ಹೇಳಿದರೆ ಲ್ಯಾಬಣ್ಣ ಕ್ರಮವಾಗಿ ಜೋಡಿಸಿ ಕೊಡುತ್ತಾರಂತೆ. ಅವಳಿಗೆ ಲೈಬ್ರರಿಯಲ್ಲಿ ರಜೆ ಸಿಗುವುದಿಲ್ಲ, ಐದು ಗಂಟೆಗೆ ನೇರವಾಗಿ ಅಲ್ಲಿಗೇ ಬರುತ್ತಾಳಂತೆ. "ಎಷ್ಟು ಸಲ ಹೇಳಿದ್ದೆ, ಒಂದು ಪೆನ್‌ಡ್ರೈವ್‌ಗೆ ಹಾಕಿಡಿ ಅಂತ. ಆರು ವರ್ಷದಿಂದ ನಾಳೆ, ನಾಡಿದ್ದು. ನಿಮಗೆ ಪೆನ್‌ಡ್ರೈವ್ ಅಂದ್ರೆ ಅದೇನು ಅಲರ್ಜಿಯೋ" ಎಂದು ಹೇಳಿ ಅವಳು ನಕ್ಕಳು. ಅವನೂ ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಇನ್ನೂ ಹೆಗಲಿದೆ ಎಂದು ನಂಬಿರುತ್ತಾನೆ. ಇವನಿಗೋ ತನ್ನ ಕೈ ಎಲ್ಲಿದೆ ಎನ್ನುವುದೇ ಗೊತ್ತಾಗುತ್ತಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಕಾಲೇಜಿಗೆ ಫೋನ್ ಮಾಡಿ ತಲೆನೋವು ಎಂದು ಹೇಳಿದ್ದ. ಹೇಳಿದ ಮೇಲೆ ನಿಜವಾಗಿ ತಲೆ ನೋಯತೊಡಗಿತು. ಆರು ವರ್ಷದ ಹಿಂದಿನ ಆ ಶನಿವಾರವೂ ಇದೇ ಬಸ್ಸು, ಜೇಬಿನಲ್ಲಿ ಪೆನ್‌ಡ್ರೈವು. ಪ್ರಾಯೋಗಿಕ ಪರೀಕ್ಷೆಯ ಅಂಕಗಳು, ನಲವತ್ತೆರಡು ಮಕ್ಕಳದು. ಲ್ಯಾಬಿನ ಕಂಪ್ಯೂಟರಿನಿಂದ ಅದನ್ನು ಮನೆಗೆ ಒಯ್ದು ಒಮ್ಮೆ ಕೂಡಿ ನೋಡಿ ತರುವೆನೆಂದು ಹೊರಟವನು, ಕಾಪಿ ಒತ್ತುವ ಕಡೆ ಕಟ್ ಒತ್ತಿದ್ದ. ಲ್ಯಾಬಿಗೆ ಬಂದುಹೋದವರೆಲ್ಲ ಸಹಿ ಹಾಕುವ ಪುಸ್ತಕವೊಂದಿತ್ತು. ಪ್ರಾಂಶುಪಾಲರಿಂದಲೂ ಸಹಿ ಹಾಕಿಸಿಕೊಂಡೇ ಬಿಡುತ್ತಿದ್ದ ಲ್ಯಾಬಣ್ಣ ಅವನಿಗೆ ಮಾತ್ರ, "ನೀವು ನಮ್ಮೋರೇ ಮೇಷ್ಟ್ರೇ, ನಿಮಗೆಂಥ ಸಹಿ" ಎಂದು ಪುಸ್ತಕವನ್ನು ಪಕ್ಕಕ್ಕೆ ಸರಿಸಿದ್ದರು. ಮನೆಗೆ ಬಂದರೆ ಗುಬ್ಬಿಯ ಏಳನೆಯ ಹುಟ್ಟುಹಬ್ಬದ ಫೋಟೋಗಳನ್ನು ಪ್ರಿಂಟ್ ಹಾಕಿಸಲು ಸ್ಟುಡಿಯೋಗೆ ಒಯ್ಯಬೇಕಿತ್ತು. ಪೆನ್‌ಡ್ರೈವಿನಲ್ಲಿ ಜಾಗ ಸಾಲದು. ಅಂಕಗಳು ಹೇಗೂ ಲ್ಯಾಬಿನಲ್ಲಿ ಇವೆಯಲ್ಲ ಎಂದುಕೊಂಡು ಎಲ್ಲವನ್ನೂ ಒರೆಸಿಹಾಕಿ, ಗುಬ್ಬಿ ಬೆಲೂನು ಊದುವ ಫೋಟೋಗಳನ್ನು ತುಂಬಿಕೊಂಡು ಹೋದ. ಇಷ್ಟೇ. ಇದರಲ್ಲಿ ಕೆಟ್ಟತನ ಎಲ್ಲಿದೆ ಎಂದು ಆರು ವರ್ಷ ತನ್ನನ್ನು ತಾನೇ ಕೇಳಿಕೊಂಡಿದ್ದ. ಇದರಲ್ಲಿ ಇರಲಿಲ್ಲ. ಕೆಟ್ಟತನ ಇದ್ದದ್ದು ಮುಂದಿನದರಲ್ಲಿ.

ಸೋಮವಾರ ಅಂಕಗಳಿಲ್ಲ ಎಂದು ಗೊತ್ತಾದಾಗ ಲ್ಯಾಬಣ್ಣ ಇಡೀ ದಿನ ಊಟ ಬಿಟ್ಟು ಹುಡುಕಿದ್ದರು. ಅವನು ಪಕ್ಕದಲ್ಲೇ ನಿಂತು ಹುಡುಕುವಂತೆ ನಟಿಸಿದ್ದ. ಸಂಜೆಯ ಹೊತ್ತಿಗೆ ಲ್ಯಾಬಣ್ಣ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ್ದು ಅದೇ ಮಾತು. "ಅಳಿಸಿದ್ದೂ ಸಿಗುತ್ತೆ ಮೇಷ್ಟ್ರೇ. ಎರಡು ದಿನ ಕೊಡಿ ನಂಗೆ. ಯಾವ ಹೊತ್ತಿಗೆ ಹೋಯ್ತು ಅನ್ನೋದೂ ಸಿಗುತ್ತೆ." ಯಾವ ಹೊತ್ತಿಗೆ. ಆ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕೂತಿದ್ದವನು ಅವನೊಬ್ಬನೇ. ಅವನು ಆಗಲೇ ಬಾಯಿಬಿಟ್ಟಿದ್ದರೆ ಏನಾಗುತ್ತಿತ್ತು? ಒಂದು ಛೀಮಾರಿ, ಸ್ಟಾಫ್ ರೂಮಿನಲ್ಲಿ ನಾಲ್ಕು ದಿನದ ನಗೆ, ಬರಬೇಕಿದ್ದ ಬಡ್ತಿ ಒಂದು ವರ್ಷ ಮುಂದಕ್ಕೆ. ಅಷ್ಟನ್ನು ಅವನು ತಡೆದುಕೊಳ್ಳಲಾರದೆ ಹೋದ. ಅದೇ ಸಂಜೆ, ಗುಬ್ಬಿ ಪಕ್ಕದಲ್ಲಿ ಕೂತು ಬಣ್ಣದ ಪೆನ್ಸಿಲು ಚೂಪು ಮಾಡುತ್ತಿರುವಾಗ, ಈ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಪ್ರಾಂಶುಪಾಲರಿಗೆ ಒಂದು ಪತ್ರ ಬರೆದ. ಕೆಳಗೆ ಹೆಸರಿಲ್ಲ. 'ಇಂತಿ, ನೊಂದ ಒಬ್ಬ ವಿದ್ಯಾರ್ಥಿ' ಎಂದಷ್ಟೇ. ಮೂರು ಸಲ ತಿದ್ದಿ ಬರೆದ. ಪ್ರಿಂಟ್ ತೆಗೆದು ಟಪಾಲಿಗೆ ಹಾಕಿ, ಮೂರನ್ನೂ ಅಳಿಸಿದ. ಎರಡು ದಿನ ಲ್ಯಾಬಣ್ಣನಿಗೆ ಸಿಗಲೇ ಇಲ್ಲ. ಪತ್ರ ಬಂದ ದಿನವೇ ಲ್ಯಾಬಿನ ಬೀಗದ ಕೈ ಕಿತ್ತುಕೊಂಡರು, ತಿಂಗಳೊಳಗೆ ಕೆಲಸವನ್ನೂ. ವಿಚಾರಣೆಯಲ್ಲಿ ಅವನನ್ನೂ ಕರೆದಿದ್ದರು. "ಅವರು ಒಳ್ಳೆಯವರು, ನನಗೇನೂ ಗೊತ್ತಿಲ್ಲ" ಎಂದು ಹೇಳಿ ಬಂದಿದ್ದ. ಆ ಮಾತಿಗಾಗಿ ಲ್ಯಾಬಣ್ಣ ಅವನ ಎರಡೂ ಕೈ ಹಿಡಿದುಕೊಂಡಿದ್ದರು.

ಇಳಿಯಬೇಕಾದ ಸ್ಟಾಪು ದಾಟಿ, ಮುಂದಿನದರಲ್ಲಿ ಇಳಿದಿದ್ದ. ಹಿಂದಕ್ಕೆ ನಡೆದ. ಮೂರು ಮಹಡಿಯ ಕಟ್ಟಡ, ಮೆಟ್ಟಿಲ ಪಕ್ಕದ ಕೆಳಮನೆ, ಬಾಗಿಲ ಮೇಲೆ ಬೋರ್ಡಿಲ್ಲ. ಒಂದು ಕಾಗದದ ಮೇಲೆ ಕೈಬರಹದಲ್ಲಿ 'ಕಂಪ್ಯೂಟರ್, ಒಳಗೆ ಬನ್ನಿ' ಎಂದಿತ್ತು. ಆ ದುಂಡನೆಯ ಅಕ್ಷರ ಅವನಿಗೆ ಗೊತ್ತು. ಲ್ಯಾಬಿನ ಬಾಗಿಲಿನಲ್ಲೂ 'ಚಪ್ಪಲಿ ಹೊರಗೆ ಬಿಡಿ' ಎಂದು ಅದೇ ಅಕ್ಷರವಿತ್ತು. ಚಪ್ಪಲಿ ಬಿಡಲು ಬಗ್ಗಿದಾಗ, ಒಂದೇ ಕಾಲಿಗೆ ಕಾಲುಚೀಲ ಇರುವುದು ಕಂಡಿತು. ಬೆಳಿಗ್ಗೆಯಿಂದ ಹಾಗೆಯೇ ಇದ್ದ.

"ಬನ್ನಿ ಬನ್ನಿ ಮೇಷ್ಟ್ರೇ! ಎಷ್ಟು ವರ್ಷ ಆಯ್ತು!" ಲ್ಯಾಬಣ್ಣ ಎದ್ದು ನಿಂತರು. ಇಳಿದುಹೋಗಿದ್ದರು. ತಲೆಗೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು. ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿಯ ನೀಲಿ ಪಟ್ಟಿ ಇನ್ನೂ ಇತ್ತು, ತುದಿಯಲ್ಲಿ ಚೀಟಿಯ ಬದಲು ಭೂತಗನ್ನಡಿ ನೇತಾಡುತ್ತಿತ್ತು. ಅವರು ಅವನ ಕಾಲನ್ನು ನೋಡಿದರು, ನೋಡದವರಂತೆ ಕುರ್ಚಿ ಎಳೆದು ಹಾಕಿದರು. ಆ ಕುರ್ಚಿಯಲ್ಲಿ ಕೂರುವುದಕ್ಕಿಂತ ಬೈಸಿಕೊಳ್ಳುವುದು ಸುಲಭವಿತ್ತು.

ಉದ್ದನೆಯ ಮೇಜು. ಅದರ ತುಂಬ ಬಿಚ್ಚಿದ ಯಂತ್ರಗಳು, ಸ್ಕ್ರೂಗಳನ್ನು ಬೇರೆಬೇರೆಯಾಗಿ ಹಾಕಿಟ್ಟ ಬಾಟಲಿ ಮುಚ್ಚಳಗಳು. ನಡುವೆ ಅವನ ಲ್ಯಾಪ್‌ಟಾಪು, ಹೊಟ್ಟೆ ಸೀಳಿ ಅಂಗಾತ ಮಲಗಿತ್ತು. ಅದರಿಂದ ತೆಗೆದ, ಅಂಗೈಯಗಲದ ಕಬ್ಬಿಣದ ತುಂಡು ಒಂದು ಬಟ್ಟೆಯ ಮೇಲಿತ್ತು. ಅದಕ್ಕೆ ಟೇಬಲ್ ಫ್ಯಾನು ಗಾಳಿ ಬೀಸುತ್ತಿತ್ತು. ಪಕ್ಕದಲ್ಲಿ ಒಂದು ಕಪ್ಪು ಪೆಟ್ಟಿಗೆ, ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಬೂದು ಬಣ್ಣದ ವೈರು. ತೆರೆಯ ಮೇಲೆ ಹಸಿರು ಪಟ್ಟಿಯೊಂದು ಮೆಲ್ಲಗೆ ಬಲಕ್ಕೆ ತೆವಳುತ್ತಿತ್ತು. ನೂರಕ್ಕೆ ನಲವತ್ತು.

"ಫೋಟೋ ಬರ್ತಾ ಇವೆ ನೋಡಿ" ಎಂದು ಲ್ಯಾಬಣ್ಣ ಖುಷಿಯಿಂದ ತೋರಿಸಿದರು. ಒಂದೊಂದಾಗಿ ಚಿಕ್ಕ ಚೌಕಗಳು ಹುಟ್ಟಿಕೊಳ್ಳುತ್ತಿದ್ದವು. ಹಲ್ಲಿಲ್ಲದ ಗುಬ್ಬಿ. ಬಕೆಟ್ಟಿನಲ್ಲಿ ಕೂತ ಗುಬ್ಬಿ. ಅವನ ಹೆಗಲ ಮೇಲೆ, ಅವನ ಕಿವಿ ಹಿಡಿದು ಕೂತ ಗುಬ್ಬಿ. ಅವುಗಳ ನಡುವೆ ಅವನು ಎಂದೋ ಮರೆತವೂ ಬರುತ್ತಿದ್ದವು. ಅಲುಗಾಡಿ ಹೋದದ್ದು, ಲೆನ್ಸಿಗೆ ಅಡ್ಡ ಬಂದ ಅವನದೇ ಹೆಬ್ಬೆರಳು, ಹೆಂಡತಿ ಕಣ್ಣು ಮುಚ್ಚಿರುವುದು. ಒಂದರಲ್ಲಿ ಗುಬ್ಬಿ ಅಳುತ್ತಿದ್ದಾಳೆ, ಹಿಂದೆ ಅವನು ಕೈ ಎತ್ತಿ ನಿಂತಿದ್ದಾನೆ. ಕೆಳಗಡೆ ಒಡೆದ ಲೋಟ. ಯಾರು ತೆಗೆದರು ಇದನ್ನು? ಹೆಂಡತಿ ಅಂದೇ ಅಳಿಸಿದ್ದಳು, "ಇದು ಬೇಡ ನಮಗೆ" ಎಂದು ಹೇಳಿ ಅವನ ಎದುರಿಗೇ ಅಳಿಸಿದ್ದಳು.

"ಇವೆಲ್ಲ ಅಳಿಸಿದ್ದು" ಎಂದ.

"ಬರ್ತವೆ ಮೇಷ್ಟ್ರೇ. ಅದಕ್ಕೇನು ಗೊತ್ತು, ಇಟ್ಟಿದ್ದು ಯಾವುದು, ಅಳಿಸಿದ್ದು ಯಾವುದು ಅಂತ. ನಾವು ಅಳಿಸೋದು ಅಂದ್ರೆ ಮನೆ ಕೆಡವೋದಲ್ಲ, ಬಾಗಿಲ ಮೇಲಿನ ನಂಬರ್ ಕಿತ್ತು ಹಾಕೋದು, ಅಷ್ಟೇ. ಟಪಾಲಿನವನಿಗೆ ಮನೆ ಸಿಗಲ್ಲ. ಒಳಗಿರೋರು ಹಾಗೇ ಇರ್ತಾರೆ." ತಮ್ಮ ಹೋಲಿಕೆಗೆ ತಾವೇ ನಕ್ಕರು. "ಈಗ ನಾನು ಮಾಡ್ತಿರೋದೇನು ಅಂದ್ರೆ, ನಂಬರ್ ನೋಡದೆ ಮನೆಮನೆ ಬಾಗಿಲು ಬಡಿಯೋದು."

"ಫೋಟೋ ಸಾಕು" ಎಂದ ಅವನು. "ಬೇರೆ ಏನೂ ಬೇಡ. ಕಾಗದಪತ್ರ ಗೀಗದಪತ್ರ ಎಲ್ಲ ನನ್ನ ಹತ್ರ ಬೇರೆ ಕಡೆ ಇವೆ."

"ಬೇಡ ಅನ್ನೋದು ಆಮೇಲೆ. ಮೊದಲು ಸಿಗೋದೆಲ್ಲ ಸಿಗಲಿ. ಅಮ್ಮೋರು ಬೇರೆ ಹೇಳಿದ್ದಾರೆ, ಏನೊಂದೂ ಬಿಡಬೇಡಿ ಅಂತ. ಇದು ಮುಗಿದ ಕೂಡಲೇ ಬರವಣಿಗೆ ಫೈಲುಗಳು. ಒಂದೊಂದರ ಮೊದಲ ಸಾಲು ಓದ್ತೀನಿ, ನೀವು ಯಾವುದು ಅಂತ ಹೇಳಿ, ಮುಗೀತು." ಒಳಗಿನಿಂದ ಯಾರೋ ಕೆಮ್ಮಿದರು. "ನಮ್ಮಮ್ಮನಿಗೆ ಮಾತ್ರೆ ಕೊಡೋ ಹೊತ್ತು. ಹಾಗೇ ಒಂದು ಟೀ ಮಾಡ್ಕೊಂಡು ಬರ್ತೀನಿ. ಇರಿ."

ಲ್ಯಾಬಣ್ಣನ ಹವಾಯಿ ಚಪ್ಪಲಿಯ ಸದ್ದು ಒಳಗೆ ಹೋಯಿತು. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ನೂರಕ್ಕೆ ಐವತ್ತೆಂಟು. ಮೊದಲ ಸಾಲು ಓದುತ್ತಾರಂತೆ. ಮೊದಲ ಸಾಲಿನಲ್ಲೇ ಅವರ ಹೆಸರಿದೆ. ಅವನಿಗೆ ಹೆಂಡತಿಯ ಮುಖ ಕಂಡಿತು, ಗುಬ್ಬಿಯದು ಕಂಡಿತು. ವಿಭಾಗದ ಮುಖ್ಯಸ್ಥ ಎಂದು ಬರೆದ ತನ್ನ ಕೋಣೆಯ ಬೋರ್ಡು, ಅದರ ಹಿತ್ತಾಳೆಯ ಸ್ಕ್ರೂಗಳು ಕೂಡ ಕಂಡವು. ಐವತ್ತೊಂಬತ್ತು. ಕಾಯಿಲೆಯ ಡಿಸ್ಕು, ಇನ್ನೊಮ್ಮೆ ನಿಂತರೆ ಮತ್ತೆ ಏಳಲಾರದು ಎಂದು ಇಂಥ ಡಿಸ್ಕುಗಳ ಬಗ್ಗೆ ಎಲ್ಲೋ ಓದಿದ್ದ. ವೈರು ಕೈಗೆ ಎಟುಕುವಷ್ಟು ಹತ್ತಿರವಿತ್ತು. ಎಳೆದರೆ ಪತ್ರವೂ ಹೋಗುತ್ತದೆ, ಹಲ್ಲಿಲ್ಲದ ಗುಬ್ಬಿಯೂ ಹೋಗುತ್ತಾಳೆ. ಹೋಗಲಿ, ಗುಬ್ಬಿ ಇದ್ದಾಳಲ್ಲ, ಹದಿಮೂರು ವರ್ಷದ ಜೀವಂತ ಹುಡುಗಿ, ಫೋಟೋ ಯಾಕೆ ಎಂದು ಒಳಗೆ ಯಾರೋ ವಕೀಲಿ ಮಾಡುತ್ತಿದ್ದರು. ಹಾಗೆ ಹೇಳುತ್ತಿದ್ದವರ ದನಿ ಅವನದೇ. ಹೆಂಡತಿ ಹೆರಿಗೆಯಾಗಿ ಮಲಗಿದ್ದಾಗ, ಅವಳ ತೋಳಿನ ಬಳಿ ಒಂದು ಬಟ್ಟೆಯ ಗಂಟಿನಂತೆ ಇದ್ದ ಮಗುವನ್ನು ಇವನೇ ಕ್ಲಿಕ್ಕಿಸಿದ್ದ. ಅದು ಇನ್ನೂ ಬಂದಿರಲಿಲ್ಲ. ಅರವತ್ತೊಂದು. ಅದು ಬರಲಿ, ಆಮೇಲೆ ಎಂದುಕೊಂಡ. ಒಳಗೆ ಲೋಟದ ಸದ್ದಾಯಿತು. ಅವನು ವೈರನ್ನು ಹಿಡಿದು ಎಳೆದ.

ಬಹಳ ಸುಲಭವಾಗಿ ಬಂತು. ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ. ತೆರೆಯ ಮೇಲೆ ಹಸಿರು ಪಟ್ಟಿ ನಿಂತಿತು, ಸಾಧನ ಸಿಗುತ್ತಿಲ್ಲ ಎಂಬ ಚೌಕ ಮೂಡಿತು. ಚೌಕದ ಹಿಂದೆ ಗುಬ್ಬಿಯ ಅರ್ಧ ಮುಖ ಮಾತ್ರ ಬಂದು ಉಳಿದಿತ್ತು, ಹಣೆ ಮತ್ತು ಕಣ್ಣು. ಬಾಯಿ ಇರಬೇಕಾದ ಕಡೆ ಬೂದು ಬಣ್ಣ. ಅವನು ಅದನ್ನು ನೋಡುತ್ತ ಕೂತ. ತಾನು ಏನು ಮಾಡಿದೆ ಎಂಬುದು ಕೈಗೆ ಮೊದಲು ತಿಳಿದು ಅದು ತಣ್ಣಗಾಗತೊಡಗಿತು. ಅವನಿಗೆ ತಿಳಿದದ್ದು ಆಮೇಲೆ.

ಲ್ಯಾಬಣ್ಣ ಎರಡು ಲೋಟ ಹಿಡಿದುಕೊಂಡು ಬಂದರು. ತೆರೆಯನ್ನು ನೋಡಿದರು. ವೈರನ್ನು ನೋಡಿದರು. ಅದು ಇನ್ನೂ ಅವನ ಕೈಯಲ್ಲೇ ಇತ್ತು.

"ಕಾಲು ತಾಗಿರಬೇಕು" ಎಂದರು.

"ಹೌದು. ಕಾಲು ತಾಗಿತು" ಎಂದ. ಕಾಲು ಎರಡೂ ಕುರ್ಚಿಯ ಕೆಳಗೆ ಮಡಚಿಕೊಂಡಿದ್ದವು, ಒಂದು ಕಾಲುಚೀಲದ್ದು, ಒಂದು ಬರಿಯದು.

ಲ್ಯಾಬಣ್ಣ ಲೋಟಗಳನ್ನು ಮೇಜಿನ ಅಂಚಿಗಿಟ್ಟು, ಅವನ ಕೈಯಿಂದ ವೈರು ತೆಗೆದುಕೊಂಡು ಪೆಟ್ಟಿಗೆಗೆ ಚುಚ್ಚಿದರು. "ಗಾಬರಿ ಆಗಬೇಡಿ. ನಿಮ್ಮ ಡಿಸ್ಕು ಇದಲ್ಲ, ಫ್ಯಾನ್ ಕೆಳಗಿರೋದು. ಅದು ಬೆಳಿಗ್ಗೆ ಒಂಬತ್ತಕ್ಕೇ ಉಸಿರು ಬಿಡ್ತು. ಅಷ್ಟರಲ್ಲಿ ಪೂರಾ ನಕಲು ಇಳಿಸಿಕೊಂಡಿದ್ದೆ. ಫ್ಯಾನ್ ಆರಿಸೋದು ಮರೆತಿದ್ದೀನಿ ನೋಡಿ. ಈ ಪೆಟ್ಟಿಗೆಯಲ್ಲಿರೋದು ನಕಲು. ನಕಲನ್ನ ನೂರು ಸಲ ಎಳೆದ್ರೂ ಏನೂ ಆಗಲ್ಲ." ಹಸಿರು ಪಟ್ಟಿ ಮತ್ತೆ ತೆವಳತೊಡಗಿತು. ಗುಬ್ಬಿಗೆ ಬಾಯಿ ಬಂತು. ಟಕ್ ಟಕ್ ಎಂಬ ಸದ್ದು ತಾನು ಬಂದಾಗಿನಿಂದಲೂ ಇರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಸತ್ತ ಡಿಸ್ಕಿಗೆ ಗಾಳಿ ಬೀಸುತ್ತಿದ್ದ ಫ್ಯಾನನ್ನು ಲ್ಯಾಬಣ್ಣ ಆರಿಸಿದರು. ಇಬ್ಬರೂ ಟೀ ಕುಡಿದರು.

ಬರವಣಿಗೆಯ ಫೈಲುಗಳು ಮೂರು ಗಂಟೆಯ ಹೊತ್ತಿಗೆ ಶುರುವಾದವು. ಲ್ಯಾಬಣ್ಣ ಓದಿದರು, ಅವನು ಹೇಳಿದ. ಪರೀಕ್ಷೆಯ ಪ್ರಶ್ನೆಪತ್ರಿಕೆ. ಹೆಂಡತಿಯ ಅರ್ಜಿ, ಕೆಲಸ ಸಿಗುವುದಕ್ಕೆ ಮುಂಚಿನದು. ಗುಬ್ಬಿ ಕೀಲಿಮಣೆ ಕುಟ್ಟಿದ್ದು, ಎರಡು ಪುಟದ ತುಂಬ ಬರೀ 'ಕ'. ಇದಕ್ಕೆ ಲ್ಯಾಬಣ್ಣ ಮನಸಾರೆ ನಕ್ಕು, "ಇದನ್ನ ಅಮ್ಮೋರಿಗೆ ತೋರಿಸಬೇಕು" ಎಂದು ಫೋಟೋಗಳ ಜೊತೆಗೆ ಇಟ್ಟರು. ಅವನು ಪ್ರತಿ ಫೈಲು ತೆರೆಯುವ ಮುಂಚಿನ ಆ ಅರೆಗಳಿಗೆ ಉಸಿರು ಹಿಡಿಯುತ್ತಿದ್ದ, ಆಮೇಲೆ ಬಿಡುತ್ತಿದ್ದ. ಹೀಗೆ ಎಷ್ಟು ಸಲವಾಯಿತೋ. ಬಹುಶಃ ಅದು ಅಳಿಸಿಯೇ ಹೋಗಿದೆ, ಅದರ ಮೇಲೆ ಬೇರೇನೋ ಬಂದು ಕೂತಿದೆ ಎಂದು ನಂಬತೊಡಗಿದ. ನಂಬಿಕೆ ಬಂದಂತೆ ಹಸಿವೂ ಆಯಿತು. ಆಗ ಲ್ಯಾಬಣ್ಣ ಮುಂದಿನದನ್ನು ಓದಿದರು.

"ಮಾನ್ಯ ಪ್ರಾಂಶುಪಾಲರಿಗೆ. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ..."

ನಿಂತರು. ಆಮೇಲೆ ಭೂತಗನ್ನಡಿಯನ್ನು ಕೈಗೆ ತೆಗೆದುಕೊಂಡು, ಅದರ ಅಗತ್ಯವಿಲ್ಲದಿದ್ದರೂ, ತೆರೆಗೆ ಹಿಡಿದು ನೋಡಿದರು. ಅದನ್ನು ಕೆಳಗೆ ಬಿಟ್ಟು, ತೆರೆಯಿಂದ ಮುಖ ತಿರುಗಿಸಿ, ಎದುರಿನ ಖಾಲಿ ಗೋಡೆ ನೋಡುತ್ತ ಮುಂದುವರಿಸಿದರು. ಒಂದಕ್ಷರ ತಪ್ಪದೆ, ಮಗ್ಗಿ ಹೇಳುವ ಮಗುವಿನಂತೆ. ಲ್ಯಾಬಿನಲ್ಲಿ ನಡೆಯುವ ಅವ್ಯವಹಾರ. ಬಡ ವಿದ್ಯಾರ್ಥಿಗಳ ಭವಿಷ್ಯ. ತಮ್ಮ ಪಾದಗಳಿಗೆರಗಿ ಬೇಡಿಕೊಳ್ಳುವುದೇನೆಂದರೆ. ಇಂತಿ, ನೊಂದ ಒಬ್ಬ ವಿದ್ಯಾರ್ಥಿ. ಅವನು ಬರೆದದ್ದು ಆ ಬಾಯಲ್ಲಿ ಎಷ್ಟು ಚೆನ್ನಾಗಿ ಕೇಳುತ್ತಿತ್ತು. ಅವನಿಗೆ ಆರು ವರ್ಷದಲ್ಲಿ ಮರೆತುಹೋಗಿದ್ದ ಸಾಲುಗಳು ಅವರಿಗೆ ಬಾಯಿಪಾಠವಾಗಿದ್ದವು.

"ಇದರ ಒಂದು ಜೆರಾಕ್ಸ್ ಕೊಟ್ಟಿದ್ರು ನಂಗೆ, ಕೆಲಸದಿಂದ ತೆಗೆಯೋವಾಗ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇರಬಾರದೇ ಎಂದು ಅವನು ಹಂಬಲಿಸಿದ. "ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ. ನಲವತ್ತೆರಡು ಮಕ್ಕಳಲ್ಲಿ ಇದು ಯಾವ ಮಗು ಅಂತ. ಆ ಮಕ್ಕಳು ದಾರೀಲಿ ಸಿಕ್ಕಿ, ಅಣ್ಣಾ ಹೇಗಿದ್ದೀರಿ ಅಂದ್ರೆ ಮುಖ ತಿರುಗಿಸ್ಕೊಂಡು ಹೋಗಿದ್ದೀನಿ ಮೇಷ್ಟ್ರೇ. ಒಬ್ಬಳು ಮದುವೆಗೆ ಕರೆಯೋಕೆ ಮನೆಗೆ ಬಂದಿದ್ದಳು. ಬಾಗಿಲು ತೆಗೀಲಿಲ್ಲ ನಾನು. ಇವಳೇ ಇರಬೇಕು ಅಂತ." ಕೊರಳಿನ ನೀಲಿ ಪಟ್ಟಿಯನ್ನು ಸರಿಮಾಡಿಕೊಂಡರು. "ಪಾಪ, ಮಕ್ಕಳು."

ಅವನು ಖಾಲಿ ಟೀ ಲೋಟವನ್ನು ಕೈಗೆ ತೆಗೆದುಕೊಂಡು ಮತ್ತೆ ಇಟ್ಟ.

ಲ್ಯಾಬಣ್ಣ ಮುಂದಿನ ಫೈಲು ತೆರೆದರು, ಅದರ ಮುಂದಿನದನ್ನೂ. ಮೂರನ್ನೂ ತೆರೆಯ ಮೇಲೆ ಪಕ್ಕಪಕ್ಕದಲ್ಲಿ ಜೋಡಿಸಿ, ಬಹಳ ಹೊತ್ತು ನೋಡಿದರು, ಕೆಟ್ಟದ್ದೆಲ್ಲಿ ಎಂದು ಪತ್ತೆ ಹಚ್ಚುವ ಕೆಲಸಗಾರನ ಶ್ರದ್ಧೆಯಿಂದ. "ಇವು ಮೂರೂ ಒಂದೇ ಅಲ್ಲ" ಎಂದರು. "ಇದರಲ್ಲಿ 'ಅಜಾಗರೂಕತೆಯಿಂದ ಅಳಿಸಿರಬಹುದು' ಅಂತಿದೆ. ಇದರಲ್ಲಿ 'ಅಳಿಸಿದ್ದಾರೆ'. ಇದರಲ್ಲಿ 'ಬೇಕಂತಲೇ ಅಳಿಸಿದ್ದಾರೆ'. ನನಗೆ ಕೊಟ್ಟಿದ್ದು ಈ ಕೊನೇದು." ಅವನ ಕಡೆಗೆ ತಿರುಗಿದರು. ಕಣ್ಣು ಒದ್ದೆಯಾಗಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳುವವರ ಕಣ್ಣು ಅವು. "ತಾರೀಖು ಹೋಗಿವೆ. ಯಾವುದು ಮೊದಲು ಬರೆದಿದ್ದು, ಮೇಷ್ಟ್ರೇ?"

ಮೂರರಲ್ಲಿ ಯಾವುದು ಮೊದಲು ಎಂಬುದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ನೀನೇ ಬರೆದೆಯಾ ಎಂದಿದ್ದರೆ ಇಲ್ಲ ಎನ್ನಬಹುದಿತ್ತು. ಅದನ್ನು ಅವರು ಕೇಳಲೇ ಇಲ್ಲ.

"ಅಜಾಗರೂಕತೆ" ಎಂದ. "ಅದು ಮೊದಲು. ಆಮೇಲೆ ಮಧ್ಯದ್ದು. 'ಬೇಕಂತಲೇ' ಅನ್ನೋದು ಕೊನೆಗೆ ಸೇರಿಸಿದೆ. ಮಾರ್ಕ್ಸ್ ಹೋಗಿದ್ದು ನನ್ನ ಕೈಯಿಂದ. ಪೆನ್‌ಡ್ರೈವ್‌ಗೆ ಕಟ್ ಮಾಡ್ಕೊಂಡು ಹೋಗಿದ್ದೆ."

ಲ್ಯಾಬಣ್ಣ ತಲೆಯಾಡಿಸಿದರು. ಫೈಲುಗಳಿಗೆ ಒಂದು, ಎರಡು, ಮೂರು ಎಂದು ಹೆಸರಿಟ್ಟರು. ಮೂರನ್ನೂ ಒಂದು ಫೋಲ್ಡರಿಗೆ ಹಾಕಿ, ಅದಕ್ಕೆ ಹೆಸರಿಡದೆ ಬಿಟ್ಟರು. ಅವನು, "ಅದನ್ನ ಅಳಿಸಿಬಿಡಿ" ಎಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಅಳಿಸೋದಾದ್ರೆ ನೀವೇ ಅಳಿಸಿ. ನಾನು ಇನ್ನೊಬ್ಬರ ಫೈಲು ಅಳಿಸಲ್ಲ" ಎಂದರು ಲ್ಯಾಬಣ್ಣ. "ಯಾವತ್ತೂ ಅಳಿಸಿಲ್ಲ." ಮೌಸನ್ನು ಅವನ ಕಡೆಗೆ ಸರಿಸಿ, ಎದ್ದು ಹೋಗಿ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತರು. ಮೌಸಿನ ಮೇಲೆ ಅವರ ಕೈಯ ಬಿಸಿ ಇನ್ನೂ ಇತ್ತು. ಅವನು ಅದರ ಮೇಲೆ ಕೈಯಿಟ್ಟುಕೊಂಡು ಕೂತ. ಕ್ಷಮಿಸಿ ಎಂದು ಹೇಳಲು ಹೊರಟ ಮಾತು ನಾಲಿಗೆಯ ಮೇಲೆ ಬಂದು ಎಷ್ಟು ಸಣ್ಣದಾಗಿ ಕಂಡಿತೆಂದರೆ, ಅದನ್ನು ಆ ಬೆನ್ನಿಗೆ ಹೇಳುವುದು ಇನ್ನೊಂದು ಅಪಮಾನ ಎನ್ನಿಸಿತು. ಐದು ಗಂಟೆಗೆ ಬಾಗಿಲು ತಟ್ಟಿದ ಸದ್ದಾಗುವವರೆಗೂ ಇಬ್ಬರೂ ಹಾಗೆಯೇ ಇದ್ದರು.

"ಸಿಕ್ತಾ ಅಣ್ಣ? ಎಲ್ಲಾ ಸಿಕ್ತಾ?" ಹೆಂಡತಿ ಬಾಗಿಲಲ್ಲೇ ಕೇಳಿದಳು.

"ಎಲ್ಲಾ ಸಿಕ್ತಮ್ಮ" ಎಂದರು ಲ್ಯಾಬಣ್ಣ, ತಿರುಗಿ ನಗುತ್ತ. ಅವರ ಆ ನಗೆಯನ್ನು ನೋಡಲಾರದೆ ಅವನು ನೆಲ ನೋಡಿದ. "ಒಂದೂ ಹೋಗಿಲ್ಲ. ಮೇಷ್ಟ್ರು ಕೂತು ಕ್ರಮವಾಗಿ ಹೇಳಿಕೊಟ್ರು." ಎಲ್ಲವನ್ನೂ ತುಂಬಿದ್ದ ಹೊಸ ಡಿಸ್ಕನ್ನು ಒಂದು ಮೃದುವಾದ ಬಟ್ಟೆಯಲ್ಲಿ ಸುತ್ತಿ, ಚಾಚಿದ್ದ ಅವಳ ಕೈಗೆ ಕೊಡದೆ, ಅವನ ಕೈಗೆ ಕೊಟ್ಟರು.

ಬಸ್‌ಸ್ಟಾಪಿನ ತನಕ ಹೆಂಡತಿಯ ಮಾತು ನಿಲ್ಲಲಿಲ್ಲ. ಆ ಹೆರಿಗೆಯ ದಿನದ ಫೋ‌ಟೋ ಕೂಡ ಸಿಕ್ಕಿದೆಯಂತೆ, ಹೊರಡುವಾಗ ಲ್ಯಾಬಣ್ಣ ತೋರಿಸಿದರಂತೆ. ಇವತ್ತೇ ಗುಬ್ಬಿಯನ್ನು ಕೂರಿಸಿಕೊಂಡು ಒಂದೊಂದಾಗಿ ತೆರೆದು ನೋಡಬೇಕಂತೆ. "ಎಂಥ ಬಂಗಾರದಂಥ ಮನುಷ್ಯ ರೀ. ಇಂಥವರ ಹೊಟ್ಟೆ ಮೇಲೆ ಹೊಡೆದರಲ್ಲ, ಆ ಕಾಗದ ಬರೆದವರ ಕೈ ಸೇದಿಹೋಗ" ಎಂದು ನೆಟಿಗೆ ಮುರಿದಳು.

ಅವನು ನಿಂತ. ಡಿಸ್ಕು ಅಂಗೈಯಲ್ಲಿ ಹಗುರಾಗಿತ್ತು. ಒಂದು, ಎರಡು, ಮೂರು. ಆ ಮೂರನ್ನು ಮನೆಗೆ ಹೋಗಿ, ಅವಳು ಕೈಕಾಲು ತೊಳೆಯುವಷ್ಟರಲ್ಲಿ ಅಳಿಸಿಬಿಡಬಹುದು. ಅಳಿಸಿದರೂ ಇರುತ್ತವೆ, ಆ ಮಾತು ಬೇರೆ. ನಾಲ್ಕನೆಯದೊಂದಿತ್ತು, ಇವತ್ತು ವೈರು ಎಳೆದದ್ದು. ಅದು ಯಾವ ಡಿಸ್ಕಿನಲ್ಲೂ ಇಲ್ಲ. ಅದನ್ನು ಕಂಡವರು ಕಾಲು ತಾಗಿರಬೇಕು ಎಂದು ಹೇಳಿ ಮುಗಿಸಿದ್ದಾರೆ, ಇನ್ನೊಬ್ಬರ ಬಾಯಿಗೆ ಅದು ಎಂದೂ ಬರುವುದಿಲ್ಲ. ಸಂಜೆಯ ಬೆಳಕಿನಲ್ಲಿ ಹೆಂಡತಿಯ ಮುಖದ ತುಂಬ ಗುಬ್ಬಿಯ ಏಳು ವರ್ಷ ಸಿಕ್ಕಿದ ಖುಷಿ ಇತ್ತು. ಬಸ್ಸು ಬಂದು ನಿಂತಿತು. ಅವನು ಹತ್ತಲಿಲ್ಲ.

"ಏನ್ರೀ?" ಎಂದಳು ಅವಳು, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಇನ್ನೂ ನಗುತ್ತಲೇ.

"ಇಳಿ. ಹೇಳೋದಿದೆ" ಎಂದ. ಬಸ್ಸು ಹೊರಟುಹೋದ ಮೇಲೆ, ನಾಲ್ಕನೆಯದರಿಂದ ಶುರುಮಾಡಿದ.